ಕರಾವಳಿಯ ದೀಪಸ್ತಂಭಗಳು: ಒಂದು ಸಂಚಾರಪಾಠ

ಭೂಗೋಳವನ್ನು ಗೋಡೆಯ ಮೇಲೆ ತೂಗುಹಾಕಿದ ಪಟದಿಂದ ಕಲಿಸಬಹುದು. ಬೆಟ್ಟ, ಹೊಳೆ, ಪಟ್ಟಣಗಳ ಹೆಸರುಗಳು ಮಕ್ಕಳ ನಾಲಗೆಗೆ ಬರುವುವು. ಆದರೆ ಪಟದಲ್ಲಿ ನೆಲದ ಬಣ್ಣವು ಮುಗಿದು ನೀಲಿಬಣ್ಣವು ಮೊದಲಾಗುವ ಆ ಒಂದು ಗೆರೆಯೇ ಸಾವಿರಾರು ಕುಟುಂಬಗಳ ಅನ್ನದ ಗೆರೆಯೆಂಬುದೂ, ಇರುಳಿನಲ್ಲಿ ಆ ಗೆರೆಯ ಗುರುತು ತಪ್ಪಿದವನಿಗೆ ಪ್ರಾಣಾಪಾಯವೆಂಬುದೂ ಪಟದಿಂದ ತಿಳಿಯುವುದಿಲ್ಲ. ಅದನ್ನು ತೀರದಲ್ಲಿ ನಿಂತೇ ಕಲಿಯಬೇಕು. ಈ ಕಾರಣದಿಂದ ನಮ್ಮ ಶಾಲೆಯ ಮೇಲ್ತರಗತಿಯ ವಿದ್ಯಾರ್ಥಿನಿಯರನ್ನು ಎರಡು ದಿನಗಳ ಮಟ್ಟಿಗೆ ಮಂಗಳೂರಿನಿಂದ ಕಾರವಾರದ ವರೆಗೆ ಬಸ್ಸಿನಲ್ಲಿ ಕರೆದುಕೊಂಡು ಹೋಗಿ, ದಾರಿಯಲ್ಲಿ ದೊರೆಯುವ ದೀಪಸ್ತಂಭಗಳನ್ನು ತೋರಿಸುವ ಏರ್ಪಾಡನ್ನು ಮಾಡಿದೆವು.

ಹೊರಡುವ ಮುನ್ನ ಕೆಲವು ಮಂದಿ ಪಾಲಕರು ನನ್ನನ್ನು ಕಂಡು, "ದೀಪಸ್ತಂಭವನ್ನು ನೋಡಿ ಹೆಣ್ಣುಮಕ್ಕಳಿಗೆ ಆಗಬೇಕಾದುದೇನು? ಆ ಎರಡು ದಿನ ಮನೆಯಲ್ಲಿ ಕುಳಿತು ಪುಸ್ತಕ ಓದಿದರೆ ಪರೀಕ್ಷೆಗಾದರೂ ಅನುಕೂಲವಲ್ಲವೇ?" ಎಂದು ಕೇಳಿದರು. ಹಾಗೆ ಕೇಳಿದವರಲ್ಲಿ ಕೆಲವರು ತಮ್ಮ ಮಕ್ಕಳನ್ನು ಕಳುಹಿಸಲೂ ಇಲ್ಲ. ಅವರ ಪ್ರಶ್ನೆಯು ಅನಾದರದಿಂದ ಬಂದುದಲ್ಲ, ಮಗಳ ಮೇಲಿನ ಕಾಳಜಿಯಿಂದ ಬಂದುದು. ಆದುದರಿಂದ ಅದಕ್ಕೆ ಒಂದೆರಡು ಮಾತಿನ ಉತ್ತರವು ಸಾಲದು. ನಾವು ಕಂಡುದನ್ನೂ ಕಲಿತುದನ್ನೂ ಕ್ರಮವಾಗಿ ಇಲ್ಲಿ ಬರೆದಿರುವೆನು. ಬಾರದೆ ಉಳಿದ ಮಕ್ಕಳಿಗೆ ಇದು ಪಾಠವಾಗಲಿ; ಹಳೆಯ ವಿದ್ಯಾರ್ಥಿನಿಯರು ತಮ್ಮ ಮಕ್ಕಳೊಡನೆ ಇದೇ ದಾರಿಯಲ್ಲಿ ಹೋಗುವಾಗ ಇದು ಅವರಿಗೆ ಕೈಪಿಡಿಯಾಗಲಿ.

ದೀಪಸ್ತಂಭದ ಕೆಲಸವೇನು?

ದೀಪಸ್ತಂಭವು ಸಮುದ್ರಕ್ಕೆ ಬೆಳಕು ಕೊಡುವುದೆಂದು ಅನೇಕರು ತಿಳಿದಿರುವರು. ಇದು ಸರಿಯಲ್ಲ. ಬೀದಿಯ ದೀಪವು ಬೀದಿಯನ್ನು ಬೆಳಗಿಸುವಂತೆ ಯಾವ ದೀಪಸ್ತಂಭವೂ ಕಡಲನ್ನು ಬೆಳಗಿಸಲಾರದು. ನಾವಿಕನಿಗೆ ಬೇಕಾದುದು ಬೆಳಕಲ್ಲ, ಗುರುತು. "ನೀನು ಈಗ ಇರುವುದು ಇಂಥ ಸ್ಥಳದ ಎದುರಿನಲ್ಲಿ" ಎಂಬ ಒಂದು ವಾಕ್ಯವನ್ನು ಆ ಸ್ತಂಭವು ಇರುಳೆಲ್ಲಾ ಹೇಳುತ್ತಿರುವುದು. ಉಳಿದುದನ್ನು, ಅಂದರೆ ಎಲ್ಲಿ ಬಂಡೆಯಿದೆ, ಎಲ್ಲಿ ಅಳಿವೆಯ ಬಾಗಿಲಿದೆ, ಎತ್ತ ತಿರುಗಬೇಕು ಎಂಬುದನ್ನು, ನಾವಿಕನು ತನ್ನ ನಕ್ಷೆಯಿಂದಲೂ ಅನುಭವದಿಂದಲೂ ತಿಳಿದುಕೊಳ್ಳುವನು.

ಈ ಉಪಾಯವು ಬಹು ಪುರಾತನವಾದುದು. ಕ್ರಿಸ್ತಪೂರ್ವ 3ನೆಯ ಶತಮಾನದಲ್ಲಿ ಐಗುಪ್ತ ದೇಶದ ಅಲೆಕ್ಸಾಂಡ್ರಿಯದ ಎದುರಿಗೆ ಫಾರೋಸ್ ಎಂಬ ದ್ವೀಪದಲ್ಲಿ ಕಟ್ಟಿದ ಮಹಾಸ್ತಂಭವನ್ನು ಪ್ರಾಚೀನರು ಲೋಕದ ಏಳು ಅದ್ಭುತಗಳಲ್ಲಿ ಒಂದೆಂದು ಎಣಿಸಿದರು. ಅದು ಕೊನೆಗೆ ಭೂಕಂಪಗಳಿಂದ ಹಾಳಾಯಿತು. ಆದರೆ ಫಾರೋಸ್ ಎಂಬ ಹೆಸರು ಫ್ರೆಂಚ್, ಇಟಾಲಿಯನ್ ಮೊದಲಾದ ಭಾಷೆಗಳಲ್ಲಿ ದೀಪಸ್ತಂಭಕ್ಕೇ ಹೆಸರಾಗಿ ಉಳಿಯಿತು. ನಮ್ಮ ದೇಶದಲ್ಲಿ ಮದರಾಸಿನ ಕೋಟೆಯೊಳಗೆ 1796ರಲ್ಲಿ ಹಡಗುಗಳಿಗೋಸ್ಕರ ಹೊತ್ತಿಸಿದ ದೀಪಕ್ಕೆ ತೆಂಗಿನ ಎಣ್ಣೆಯನ್ನು ಉಪಯೋಗಿಸುತ್ತಿದ್ದರು. ಕಟ್ಟಿಗೆಯ ಬೆಂಕಿ, ಎಣ್ಣೆಯ ಬತ್ತಿ, ಸೀಮೆಎಣ್ಣೆಯ ಆವಿ, ವಿದ್ಯುತ್ತು ಹೀಗೆ ಉರಿಯುವ ವಸ್ತುವು ಬದಲಾಗುತ್ತಾ ಬಂದಿದೆ. ಹೇಳುವ ವಾಕ್ಯವು ಮಾತ್ರ ಬದಲಾಗಲಿಲ್ಲ.

ಮಂಗಳೂರು: ಆರಿದ ದೀಪ

ನಮ್ಮ ಸಂಚಾರವು ಮಂಗಳೂರಿನ ನಡುವಿನ ಗುಡ್ಡದಿಂದಲೇ ಆರಂಭವಾಯಿತು. ಈ ಗುಡ್ಡಕ್ಕೆ ಲೈಟ್‌ಹೌಸ್ ಹಿಲ್ ಎಂದೂ ಬಾವುಟಗುಡ್ಡೆ ಎಂದೂ ಎರಡು ಹೆಸರುಗಳುಂಟು. ಹಗಲಿನಲ್ಲಿ ಬಾವುಟ, ಇರುಳಿನಲ್ಲಿ ದೀಪ: ಕಡಲಿಗೆ ಸುದ್ದಿ ಹೇಳುವ ಎರಡು ಬಗೆಗಳೂ ಈ ಎರಡು ಹೆಸರುಗಳಲ್ಲಿ ಅಡಗಿವೆ. ಅಲ್ಲಿರುವ ಹಳೆಯ ಸ್ತಂಭವು ಹೈದರಾಲಿಯ ಕಾಲದ ಕಾವಲು ಗೋಪುರವೆಂದು ಊರಿನವರು ಹೇಳುವುದುಂಟು. ಈಗ ಅದರಲ್ಲಿ ದೀಪವಿಲ್ಲ. ಪಕ್ಕದಲ್ಲಿ ಟಾಗೋರ್ ಪಾರ್ಕ್ ಇರುವುದು. ಅಲ್ಲಿಂದ ಪಡುವಣಕ್ಕೆ ನೋಡಿದರೆ ಹಂಚಿನ ಮಾಡುಗಳನ್ನೂ ತೆಂಗಿನ ತಲೆಗಳನ್ನೂ ಹೊಸ ಕಾಲದ ಎತ್ತರದ ಕಟ್ಟಡಗಳನ್ನೂ ದಾಟಿ ಕಡಲು ಕಾಣುವುದು.

ಆ ಹಂಚಿನ ಮಾಡುಗಳನ್ನೇ ತೋರಿಸಿ ನಾನು ಮಕ್ಕಳಿಗೆ ಚರಿತ್ರೆಯ ಪಾಠವನ್ನು ಹೇಳಿದೆನು. ಬಾಸೆಲ್ ಮಿಶನಿನವರು 1865ರಲ್ಲಿ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆಯನ್ನು ಸ್ಥಾಪಿಸಿದ ಮೇಲೆ ಮಂಗಳೂರು ಹಂಚು ದೂರದೂರದ ಊರುಗಳಿಗೆ ಹೋಗತೊಡಗಿತು. ಘಟ್ಟದ ಮೇಲಿನ ಕಾಫಿಯೂ ಇಲ್ಲಿಂದಲೇ ಹಡಗು ಹತ್ತುತ್ತಿತ್ತು. ಆದರೆ ದೊಡ್ಡ ಹಡಗುಗಳು ಹಳೆಯ ಬಂದರದ ದಕ್ಕೆಗೆ ಬರುವಂತಿರಲಿಲ್ಲ. ಅವು ಹೊರಗಡಲಿನಲ್ಲಿಯೇ ಲಂಗರು ಹಾಕುತ್ತಿದ್ದುವು, ಸರಕು ದೋಣಿಗಳಲ್ಲಿ ಹೋಗಿಬರುತ್ತಿತ್ತು. ಹೀಗಿರುವಾಗ ತೀರದ ಮೇಲಿನ ಒಂದು ದೀಪವು ವ್ಯಾಪಾರಕ್ಕೂ ಕೂಲಿಯ ಜನರ ಪ್ರಾಣಕ್ಕೂ ಎಷ್ಟು ಅವಶ್ಯವಾಗಿತ್ತೆಂಬುದನ್ನು ಊಹಿಸಬಹುದು.

ಇಲ್ಲಿ ಒಬ್ಬ ಹುಡುಗಿಯು, "ಟೀಚರ್, ದೀಪ ಆರಿಸಿದ ದಿನ ಹಡಗಿನವರು ಏನು ಮಾಡಿರಬಹುದು?" ಎಂದು ಕೇಳಿದಳು. ಒಳ್ಳೆಯ ಪ್ರಶ್ನೆ. ದೀಪಸ್ತಂಭವೊಂದನ್ನು ಆರಿಸುವುದಾಗಲಿ, ಬೇರೆಡೆಗೆ ಒಯ್ಯುವುದಾಗಲಿ, ಅದರ ಮಿನುಗಿನ ಕ್ರಮವನ್ನು ಬದಲಾಯಿಸುವುದಾಗಲಿ ಮನಬಂದಂತೆ ನಡೆಯತಕ್ಕದ್ದಲ್ಲ. ಮುಂಚಿತವಾಗಿ ನಾವಿಕರಿಗೆಲ್ಲಾ ಪ್ರಕಟಣೆಯನ್ನು ಕೊಡಬೇಕು. ಲೋಕದ ದೀಪಗಳನ್ನೆಲ್ಲಾ ಪಟ್ಟಿಮಾಡಿದ ಪುಸ್ತಕಗಳಲ್ಲಿ ಅದನ್ನು ತಿದ್ದಬೇಕು. ಏಕೆಂದರೆ ದೀಪವಿಲ್ಲದ ತೀರದಲ್ಲಿ ನಾವಿಕನು ಎಚ್ಚರದಿಂದಿರುವನು. ದೀಪವಿದೆಯೆಂದು ನಂಬಿ ಬಂದ ತೀರದಲ್ಲಿ ಅದು ಆರಿದ್ದರೆ ಅವನು ಮೋಸಹೋಗುವನು. ನಂಬಿಸಿ ಆರಿದ ದೀಪವು ಮೊದಲೇ ಇಲ್ಲದ ದೀಪಕ್ಕಿಂತ ಹೆಚ್ಚು ಕೇಡನ್ನುಂಟುಮಾಡುವುದು. ಈ ಒಂದು ಮಾತನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿರೆಂದು ಹೇಳಿ ಮುಂದಕ್ಕೆ ಹೊರಟೆವು.

ಸುರತ್ಕಲ್: ಎತ್ತರದ ಲೆಕ್ಕ

ಕೂಳೂರಿನ ಸೇತುವೆಯಲ್ಲಿ ಫಲ್ಗುಣಿ ನದಿಯನ್ನು ದಾಟಿ, 1974ರಲ್ಲಿ ದೇಶದ ಪ್ರಧಾನ ಬಂದರುಗಳಲ್ಲಿ ಒಂದೆಂದು ಘೋಷಿತವಾದ ಪಣಂಬೂರಿನ ನವಮಂಗಳೂರು ಬಂದರವನ್ನು ಎಡಕ್ಕೆ ಬಿಟ್ಟು ಸುರತ್ಕಲ್ಲಿಗೆ ಬಂದೆವು. ಇಲ್ಲಿನ ದೀಪಸ್ತಂಭವು 1972ರದು. ಹೆದ್ದಾರಿಯಿಂದ ಸ್ವಲ್ಪವೇ ದೂರದಲ್ಲಿ, ಎಂಜಿನಿಯರಿಂಗ್ ಕಾಲೇಜಿನ ಬಳಿಯ ಕಡಲತೀರದಲ್ಲಿ ಅದು ನಿಂತಿರುವುದು.

ಸ್ತಂಭವನ್ನು ಇಷ್ಟು ಎತ್ತರವಾಗಿ ಏಕೆ ಕಟ್ಟುವರು? ದೀಪವು ಪ್ರಖರವಾಗಿದ್ದರೆ ಸಾಲದೇ? ಸಾಲದು, ಏಕೆಂದರೆ ಭೂಮಿಯು ದುಂಡಾಗಿದೆ. ಕಡಲಿನ ಮೈಯು ನಮ್ಮ ಕಣ್ಣಿಗೆ ಸಮತಟ್ಟಾಗಿ ಕಂಡರೂ ದೂರ ಹೋದಂತೆ ಕೆಳಕ್ಕೆ ಬಾಗುವುದು. ಆ ಬಾಗಿನ ಆಚೆಗಿರುವವನಿಗೆ ನೆಲಮಟ್ಟದ ದೀಪವು ಎಷ್ಟು ಪ್ರಖರವಾಗಿದ್ದರೂ ಕಾಣದು.

ಇದರ ಲೆಕ್ಕವು ನಮ್ಮ ಮಕ್ಕಳು ತರಗತಿಯಲ್ಲಿ ಕಲಿತ ಪೈಥಾಗೊರಸನ ಪ್ರಮೇಯವೇ. ಭೂಮಿಯ ಕೇಂದ್ರ, ದೀಪ, ದಿಗಂತದಲ್ಲಿ ದೀಪದ ಕಿರಣವು ಕಡಲನ್ನು ಮುಟ್ಟುವ ಬಿಂದು, ಈ ಮೂರನ್ನು ಸೇರಿಸಿದರೆ ಒಂದು ಲಂಬಕೋನ ತ್ರಿಭುಜವಾಗುವುದು. ಭೂಮಿಯ ತ್ರಿಜ್ಯವು ಸುಮಾರು 6371 ಕಿ.ಮೀ. ದೀಪವು ಕಡಲಮಟ್ಟದಿಂದ 36 ಮೀಟರ್, ಅಂದರೆ 0.036 ಕಿ.ಮೀ. ಎತ್ತರದಲ್ಲಿದೆಯೆಂದು ಇಟ್ಟುಕೊಳ್ಳಿರಿ. 2 × 6371 × 0.036 ಎಂದರೆ ಸುಮಾರು 458.7, ಅದರ ವರ್ಗಮೂಲವು 21.4. ಆದುದರಿಂದ ಆ ದೀಪದ ದಿಗಂತವು 21.4 ಕಿ.ಮೀ. ದೂರದಲ್ಲಿರುವುದು. ಸುಲಭವಾದ ಸೂತ್ರವು ಹೀಗೆ: ಎತ್ತರದ ಮೀಟರುಗಳ ವರ್ಗಮೂಲವನ್ನು 3.57ರಿಂದ ಗುಣಿಸಿದರೆ ದೂರವು ಕಿಲೋಮೀಟರುಗಳಲ್ಲಿ ಬರುವುದು.

ದೋಣಿಯಲ್ಲಿ ಕುಳಿತವನ ಕಣ್ಣು ನೀರಿನಿಂದ 1 ಮೀಟರ್ ಎತ್ತರದಲ್ಲಿದ್ದರೆ ಅವನ ದಿಗಂತವು ಸುಮಾರು 3.6 ಕಿ.ಮೀ. ಎರಡನ್ನೂ ಕೂಡಿಸಿದರೆ ಅವನಿಗೆ ಆ ದೀಪವು 25 ಕಿ.ಮೀ. ದೂರದಿಂದ ಕಾಣಬಹುದು. ಗಾಳಿಯು ಬೆಳಕನ್ನು ತುಸು ಬಗ್ಗಿಸುವುದರಿಂದ ನಿಜವಾದ ದೂರವು ಇನ್ನೂ ಸ್ವಲ್ಪ ಹೆಚ್ಚು. ಮರಳಿನ ಮೇಲಿಟ್ಟ ಲಾಂದ್ರವಾದರೆ ಅವನಿಗೆ 25 ಕಿ.ಮೀ. ದೂರದಿಂದ ಕಾಣುವ ಆಸೆಯೇ ಇಲ್ಲ. ಅದು ದಿಗಂತದಿಂದ ಮೇಲಕ್ಕೆ ಬರುವ ಹೊತ್ತಿಗೆ ಅವನು ತೀರದ ಬಂಡೆಗಳ ಹತ್ತಿರವೇ ಬಂದಿರುವನು.

ಇನ್ನೊಂದು ಸಂಗತಿಯನ್ನು ಮಕ್ಕಳೇ ಕಂಡುಹಿಡಿದರು. ಎತ್ತರವನ್ನು ಎರಡರಷ್ಟು ಮಾಡಿದರೆ ದೂರವು ಎರಡರಷ್ಟಾಗುವುದಿಲ್ಲ. ದೂರವು ಎರಡರಷ್ಟಾಗಬೇಕಾದರೆ ಎತ್ತರವು ನಾಲ್ಕರಷ್ಟಾಗಬೇಕು. ಆದುದರಿಂದ ಬುದ್ಧಿವಂತರಾದ ಕಟ್ಟಡದವರು ಬರಿಯ ಗೋಪುರವನ್ನು ಬೆಳೆಸುತ್ತಾ ಹೋಗದೆ, ದೇವರೇ ಎತ್ತರಿಸಿಟ್ಟ ಗುಡ್ಡವನ್ನೋ ಬಂಡೆಯನ್ನೋ ಹುಡುಕುವರು. ಮಂಗಳೂರಿನಲ್ಲಿ ಗುಡ್ಡದ ಮೇಲೆಯೂ, ಕಾಪುವಿನಲ್ಲಿ ಬಂಡೆಯ ಮೇಲೆಯೂ, ಕಾರವಾರದಲ್ಲಿ ದ್ವೀಪದ ಮೇಲೆಯೂ ದೀಪವನ್ನು ಇಟ್ಟುದು ಏಕೆಂಬುದು ಈ ಒಂದು ವರ್ಗಮೂಲದಿಂದ ತಿಳಿಯಿತು. ಕಪ್ಪುಹಲಗೆಯ ಮೇಲೆ ಒಂದು ವಾರ ಬರೆದರೂ ಈ ಲೆಕ್ಕವು ಅಷ್ಟು ಸ್ಪಷ್ಟವಾಗಿ ತಲೆಗೆ ಹತ್ತುತ್ತಿರಲಿಲ್ಲವೆಂದು ನಮ್ಮ ಗಣಿತದ ಉಪಾಧ್ಯಾಯಿನಿಯವರು ಹೇಳಿದರು.

ಕಾಪು: ಗಾಜು ಮತ್ತು ಗುರುತು

ಮೂಲ್ಕಿಯ ಹೊಳೆಗಳನ್ನು ದಾಟಿ ಸಾಯಂಕಾಲದ ಹೊತ್ತಿಗೆ ಕಾಪುವಿಗೆ ಬಂದೆವು. ಕಡಲಂಚಿನ ಬಂಡೆಯ ಮೇಲೆ 1901ರಲ್ಲಿ ಕಟ್ಟಿದ ಈ ಸ್ತಂಭವು ಸುಮಾರು 27 ಮೀಟರ್ ಎತ್ತರವಾಗಿದೆ. ಊರಿನ ಹೆಸರಿನ ಮೂಲವು ಏನೇ ಇರಲಿ, ಕನ್ನಡದಲ್ಲಿ ಕಾಪು ಎಂಬ ಶಬ್ದಕ್ಕೆ ರಕ್ಷಣೆ, ಕಾವಲು ಎಂದು ಅರ್ಥ. ಆ ಸ್ಥಳಕ್ಕೆ ಇದು ಎಷ್ಟು ಒಪ್ಪುವ ಹೆಸರು! ಒಳಗಿನ ಸುರುಳಿ ಮೆಟ್ಟಲುಗಳನ್ನು ಸಾಲಾಗಿ ಹತ್ತಿ ಮೇಲಕ್ಕೆ ಹೋದೆವು. ಒಂದು ಕಡೆ ಬಂಡೆಗಳಿಗೆ ಬಡಿಯುವ ಅಲೆಗಳು, ಇನ್ನೊಂದು ಕಡೆ ಬಾಗಿಕೊಂಡು ದೂರಕ್ಕೆ ಹೋಗುವ ಮರಳಿನ ತೀರ, ಹಿಂದೆ ತೆಂಗಿನ ತೋಟಗಳು.

ದೀಪಸ್ತಂಭದ ಬೆಳಕು ದೂರಕ್ಕೆ ಹೋಗುವ ಗುಟ್ಟು ದೀಪದಲ್ಲಿಲ್ಲ, ಅದರ ಸುತ್ತಲಿನ ಗಾಜಿನಲ್ಲಿದೆ. ದೀಪದ ಬೆಳಕು ಎಲ್ಲಾ ಕಡೆಗೂ ಚೆಲ್ಲುವುದು. ಆಕಾಶಕ್ಕೂ ನೆಲಕ್ಕೂ ಹೋದುದು ನಾವಿಕನಿಗೆ ನಷ್ಟ. ಅದನ್ನೆಲ್ಲಾ ಕೂಡಿಸಿ ದಿಗಂತದ ಕಡೆಗೆ ನೇರವಾಗಿ ಕಳುಹಿಸಬೇಕಾದರೆ ದೊಡ್ಡ ಮಸೂರವು ಬೇಕು. ಆದರೆ ಅಷ್ಟು ದೊಡ್ಡ ಮಸೂರವನ್ನು ಒಂದೇ ಗಾಜಿನಿಂದ ಮಾಡಿದರೆ ನಡುವಿನಲ್ಲಿ ಬಹಳ ದಪ್ಪವಾಗಿ, ಭಾರವನ್ನು ಹೊರಲಾಗದು. ಬೆಳಕೂ ಗಾಜಿನೊಳಗೇ ಮಂಕಾಗುವುದು. ಫ್ರಾನ್ಸ್ ದೇಶದ ಒಗುಸ್ತ್ಯಾಂ ಫ್ರೆನೆಲ್ ಎಂಬ ಎಂಜಿನಿಯರು ಈ ತೊಡಕನ್ನು ಬಿಡಿಸಿದನು. ಬೆಳಕು ಬಾಗುವುದು ಗಾಜಿನ ಮೈಯಲ್ಲಿಯೇ ಹೊರತು ಅದರ ದಪ್ಪದಲ್ಲಲ್ಲ. ಆದುದರಿಂದ ಒಳಗಿನ ದಪ್ಪವನ್ನು ತೆಗೆದುಹಾಕಿ, ಬಾಗಿದ ಮೈಯನ್ನು ಮಾತ್ರ ಬಳೆಬಳೆಯಾಗಿ ಮೆಟ್ಟಲಿನಂತೆ ಜೋಡಿಸಿದರೆ ಸಾಕೆಂದು ಅವನು ಕಂಡುಕೊಂಡನು. ಮೇಲಕ್ಕೂ ಕೆಳಕ್ಕೂ ಹೋಗುವ ಬೆಳಕನ್ನು ಹಿಡಿಯಲು ಮೂರಂಚಿನ ಗಾಜುಗಳನ್ನು ಸುತ್ತಲೂ ಇಡುವರು. ಅವನ ಮಸೂರವು 1823ರಲ್ಲಿ ಫ್ರಾನ್ಸಿನ ಕೊರ್ದುವಾಂ ದೀಪಸ್ತಂಭದಲ್ಲಿ ಮೊದಲು ಬೆಳಗಿತು. ಆ ಮೇಲೆ ಲೋಕದ ಸಮುದ್ರತೀರಗಳೆಲ್ಲಾ ಅದನ್ನೇ ಅನುಸರಿಸಿದುವು.

ದೀಪವು ಮಿನುಗುವುದು ಹೇಗೆ? ಯಾರೋ ಹೊತ್ತಿಸಿ ಆರಿಸುತ್ತಿರುವರೆಂದು ಮಕ್ಕಳು ತಿಳಿದಿದ್ದರು. ಹಳೆಯ ಕ್ರಮದ ಸ್ತಂಭಗಳಲ್ಲಿ ದೀಪವು ಸ್ಥಿರವಾಗಿ ಉರಿಯುತ್ತಲೇ ಇರುವುದು. ಅದರ ಸುತ್ತಲಿನ ಮಸೂರವು ತಿರುಗುವುದು. ಮಸೂರದ ಒಂದೊಂದು ಹಲಗೆಯಿಂದಲೂ ಒಂದೊಂದು ಬೆಳಕಿನ ಕೋಲು ಹೊರಟು ಕಡಲನ್ನು ಗುಡಿಸಿಕೊಂಡು ಹೋಗುವುದು. ಆ ಕೋಲು ನಾವಿಕನ ಕಣ್ಣನ್ನು ದಾಟುವ ಕ್ಷಣದಲ್ಲಿ ಅವನಿಗೆ ಮಿನುಗು ಕಾಣುವುದು. ಟನ್ನುಗಟ್ಟಲೆ ತೂಗುವ ಮಸೂರವನ್ನು ಪಾದರಸದ ತೊಟ್ಟಿಯಲ್ಲಿ ತೇಲಿಸಿದ್ದರಿಂದ ಅದನ್ನು ಬೆರಳಿನಿಂದ ತಳ್ಳಿದರೂ ತಿರುಗುವಂತಿತ್ತು. ವಿದ್ಯುತ್ತು ಬರುವುದಕ್ಕೆ ಮುಂಚೆ, ಗಡಿಯಾರಕ್ಕೆ ಕೀಲಿ ಕೊಡುವಂತೆ, ಕಾವಲುಗಾರನು ಭಾರದ ಗುಂಡನ್ನು ಆಗಾಗ ಮೇಲಕ್ಕೆ ಸುತ್ತುತ್ತಿರಬೇಕಾಗಿತ್ತು. ಹಗಲಿನಲ್ಲಿ ದೀಪದ ಕೋಣೆಗೆ ಪರದೆಗಳನ್ನು ಎಳೆಯುತ್ತಿದ್ದರು. ಏಕೆ ಗೊತ್ತೇ? ಬೆಳಕನ್ನು ಹೊರಕ್ಕೆ ಒಟ್ಟುಗೂಡಿಸಿ ಕಳುಹಿಸುವ ಆ ಗಾಜೇ ಸೂರ್ಯನ ಕಿರಣಗಳನ್ನು ಒಳಕ್ಕೆ ಒಟ್ಟುಗೂಡಿಸಿ ಬೆಂಕಿ ಹೊತ್ತಿಸಬಲ್ಲುದು.

ಒಂದು ಕರಾವಳಿಯಲ್ಲಿ ಅನೇಕ ದೀಪಗಳಿರುವಾಗ ಇದು ಯಾವುದು, ಅದು ಯಾವುದು ಎಂದು ತಿಳಿಯುವುದು ಹೇಗೆ? ಇದಕ್ಕೋಸ್ಕರ ಒಂದೊಂದು ದೀಪಕ್ಕೂ ತನ್ನದೇ ಆದ ಮಿನುಗಿನ ಕ್ರಮವನ್ನು ಗೊತ್ತುಮಾಡಿರುವರು. ಒಂದು ಐದು ಸೆಕೆಂಡಿಗೆ ಒಮ್ಮೆ ಮಿನುಗಬಹುದು, ಇನ್ನೊಂದು ಎರಡು ಸಲ ಬೇಗನೆ ಮಿನುಗಿ ಸುಮ್ಮನಿರಬಹುದು. ನಾವಿಕನು ಕೈಗಡಿಯಾರವನ್ನು ನೋಡಿ ಎಣಿಸಿ, ಪಟ್ಟಿಯಲ್ಲಿ ಹುಡುಕಿದರೆ ಹೆಸರು ಸಿಕ್ಕುವುದು. ಹಗಲಿನಲ್ಲಿ ಗುರುತು ಹಿಡಿಯುವುದಕ್ಕೆ ಸ್ತಂಭಗಳ ಮೈಗೆ ಬೇರೆಬೇರೆ ಬಣ್ಣದ ಪಟ್ಟಿಗಳನ್ನು ಬಳಿಯುವರು. ಹೀಗೆ ದೀಪಸ್ತಂಭಗಳಲ್ಲಿ ಪ್ರಖರತೆಯ ಸ್ಪರ್ಧೆಯಿಲ್ಲ. ನೆರೆಯ ದೀಪದಂತೆ ತಾನೂ ಮಿನುಗುವೆನೆಂದು ಹೊರಟ ದೀಪವು ಹಡಗುಗಳನ್ನು ದಾರಿತಪ್ಪಿಸುವುದು.

ಎಲ್ಲರೂ ಗಾಜನ್ನು ನೋಡುತ್ತಿರುವಾಗ ಒಬ್ಬಳು ಮಾತ್ರ ಕಡಲಿನ ಕಡೆಗೆ ತಿರುಗಿ ನಿಂತಿದ್ದಳು. ಅವಳು ಮೀನುಗಾರರ ಮನೆಯ ಮಗಳು. ತಂದೆಯು ಮಲ್ಪೆಯ ದೋಣಿಯೊಂದರಲ್ಲಿ ಹೋಗುವವರು. ಏನು ನೋಡುತ್ತಿರುವೆ ಎಂದು ಕೇಳಿದೆನು. "ಟೀಚರ್, ಕಾಪುವಿನ ದೀಪ ಬಲಗಡೆಗೆ ಇಟ್ಟುಕೊಂಡು ಬಂದರೆ ಮಲ್ಪೆ ಸಿಕ್ಕುತ್ತದೆ ಅಂತ ಅಪ್ಪ ಹೇಳ್ತಾರೆ. ನಾನು ಇಷ್ಟು ದಿನ ದೀಪವನ್ನು ಮನೆ ಕಡೆಯಿಂದಲೇ ನೋಡಿದ್ದೆ. ಅಪ್ಪ ನೋಡುವುದು ಆ ಕಡೆಯಿಂದ ಅಲ್ಲವಾ?" ಎಂದಳು. ಆ ಮಾತನ್ನು ಕೇಳಿ ಉಳಿದ ಮಕ್ಕಳೂ ಗಾಜನ್ನು ಬಿಟ್ಟು ಕಡಲಿನ ಕಡೆಗೆ ತಿರುಗಿದರು.

ಅವಳ ತಂದೆಯ ಮಾತಿನಲ್ಲಿ ನೌಕಾಶಾಸ್ತ್ರದ ಮುಖ್ಯ ತತ್ತ್ವವೇ ಅಡಗಿತ್ತು. ಪಡುವಣ ಕಡಲಿನಿಂದ ಮೂಡಣಕ್ಕೆ ಮುಖಮಾಡಿ ಬರುವವನಿಗೆ ತೆಂಕಣ ದಿಕ್ಕು ಬಲಗಡೆಯಾಗುವುದು; ಕಾಪು ಮಲ್ಪೆಗೆ ತೆಂಕಣದಲ್ಲಿದೆ. ಒಂದು ದೀಪದಿಂದ ದಿಕ್ಕು ತಿಳಿಯುವುದು. ಎರಡು ದೀಪಗಳಿಂದ ಸ್ಥಳವೇ ತಿಳಿಯುವುದು. ಸುರತ್ಕಲ್ಲಿನ ದೀಪಕ್ಕೂ ಕಾಪುವಿನ ದೀಪಕ್ಕೂ ನಡುವೆ ನೇರದಾರಿಯಲ್ಲಿ ಸುಮಾರು 25 ಕಿ.ಮೀ. ಇರುವುದು. ಎರಡೂ ಕಾಣುವಲ್ಲಿ ನಿಂತ ನಾವಿಕನು ದಿಕ್ಸೂಚಿಯಿಂದ ಎರಡರ ದಿಕ್ಕನ್ನೂ ನೋಡಿ, ನಕ್ಷೆಯ ಮೇಲೆ ಎರಡು ಗೆರೆಗಳನ್ನು ಎಳೆದರೆ, ಅವು ಕೂಡುವಲ್ಲಿ ಅವನ ಹಡಗು ಇರುವುದು. ರೇಖಾಗಣಿತವು ಏತಕ್ಕೆ ಬೇಕೆಂದು ಆ ದಿನದ ಮೇಲೆ ನಮ್ಮ ತರಗತಿಯಲ್ಲಿ ಯಾರೂ ಕೇಳಲಿಲ್ಲ.

ಕಾರವಾರದ ದಾರಿ

ಉಡುಪಿಯಲ್ಲಿ ಇರುಳನ್ನು ಕಳೆದು ಮರುದಿನ ಬಡಗಣಕ್ಕೆ ಹೊರಟೆವು. ಈ ದಾರಿಯು ಹೊಳೆಗಳ ಪಾಠವೇ ಸರಿ. ಸ್ವರ್ಣಾ, ಸೀತಾ, ಕುಂದಾಪುರದ ಪಂಚಗಂಗಾವಳಿ, ಹೊನ್ನಾವರದಲ್ಲಿ ಶರಾವತಿ, ಆ ಮೇಲೆ ಅಘನಾಶಿನಿ, ಗಂಗಾವಳಿ, ಕೊನೆಗೆ ಕಾಳೀ ನದಿ. ಸೇತುವೆಗಳಿಲ್ಲದ ಕಾಲದಲ್ಲಿ ಒಂದೊಂದು ಹೊಳೆಯಲ್ಲಿಯೂ ಕಡವಿನ ದೋಣಿಗೆ ಕಾಯಬೇಕಾಗಿತ್ತು. ಆದುದರಿಂದ ಕರಾವಳಿಯ ಜನರಿಗೆ ನೆಲದ ದಾರಿಗಿಂತ ಕಡಲದಾರಿಯೇ ಹತ್ತಿರವಾಗಿತ್ತು. ದೀಪಸ್ತಂಭಗಳ ಬೆಲೆಯು ಇದರಿಂದ ಇನ್ನಷ್ಟು ತಿಳಿಯುವುದು.

ಕಾರವಾರದ ಎದುರಿಗೆ ದೇವಗಡ ದ್ವೀಪದ ಮೇಲೆ ಆಯ್‌ಸ್ಟರ್ ರಾಕ್ ಎಂದು ನಾವಿಕರು ಕರೆಯುವ ದೀಪಸ್ತಂಭವಿದೆ. ಅದು 1864ರದು. ನಾವು ದ್ವೀಪಕ್ಕೆ ಹೋಗದೆ ತೀರದಲ್ಲಿಯೇ ಕುಳಿತು ಕತ್ತಲಾಗುವುದನ್ನು ಕಾದೆವು. ಮೊದಲ ಮಿನುಗು ಕಂಡಾಗ ಮಕ್ಕಳೆಲ್ಲಾ ಒಟ್ಟಿಗೆ ಎಣಿಸತೊಡಗಿದರು. ಎಣಿಸಿದ ಸಂಖ್ಯೆಯು ಎಲ್ಲರ ಪುಸ್ತಕದಲ್ಲಿಯೂ ಒಂದೇ ಆಗಿತ್ತು. ದೀಪವು ತನ್ನ ಮಾತಿಗೆ ತಪ್ಪಿರಲಿಲ್ಲ.

ಅಲ್ಲಿ ಕಾವಲಿದ್ದವರ ಬಾಳು ಹೇಗಿದ್ದಿರಬಹುದೆಂದು ನಾವು ಮಾತನಾಡಿಕೊಂಡೆವು. ಮಳೆಗಾಲದ ಕಡಲಿನಲ್ಲಿ ದ್ವೀಪಕ್ಕೆ ದೋಣಿ ಹೋಗುವುದು ಕಷ್ಟ. ಅಕ್ಕಿ, ಎಣ್ಣೆ, ಸೌದೆ, ಔಷಧ ಎಲ್ಲವನ್ನೂ ಮುಂಚಿತವಾಗಿ ಕೂಡಿಡಬೇಕು. ಗಾಜನ್ನು ದಿನವೂ ಒರಸಬೇಕು. ಎಣ್ಣೆಯ ದೀಪದ ಕಾಲದಲ್ಲಿ ಮಸಿಯು ಕೂತರೆ ಬೆಳಕು ಮಂಕಾಗುತ್ತಿತ್ತು. ಹಡಗು ಬರಲಿ, ಬಾರದಿರಲಿ, ಸೂರ್ಯಾಸ್ತದಿಂದ ಸೂರ್ಯೋದಯದ ವರೆಗೆ ದೀಪವು ಉರಿಯಬೇಕು. ಆ ದೀಪದಿಂದ ಉಳಿದ ಪ್ರಾಣಗಳೆಷ್ಟೆಂದು ಲೆಕ್ಕ ಹೇಳುವವರು ಯಾರೂ ಇಲ್ಲ. ಏಕೆಂದರೆ ಒಡೆದ ಹಡಗಿನ ಸುದ್ದಿ ಊರಿಗೆಲ್ಲಾ ತಿಳಿಯುವುದು, ಒಡೆಯದೆ ಮನೆಸೇರಿದ ಹಡಗಿನ ಸುದ್ದಿಯನ್ನು ಯಾರೂ ಬರೆಯುವುದಿಲ್ಲ.

ದೀಪ ಕಾಯ್ದ ಹೆಣ್ಣುಮಕ್ಕಳು

ಇಲ್ಲಿ ನಾನು ಮಕ್ಕಳಿಗೆ ಇಬ್ಬರು ಹೆಣ್ಣುಮಕ್ಕಳ ಚರಿತ್ರೆಯನ್ನು ಹೇಳಿದೆನು. ಇಂಗ್ಲೆಂಡಿನ ಈಶಾನ್ಯ ತೀರದ ಫಾರ್ನ್ ದ್ವೀಪಗಳಲ್ಲಿ ಲಾಂಗ್‌ಸ್ಟೋನ್ ದೀಪಸ್ತಂಭದ ಕಾವಲುಗಾರನ ಮಗಳಾದ ಗ್ರೇಸ್ ಡಾರ್ಲಿಂಗ್ 1838ನೆಯ ಸೆಪ್ಟೆಂಬರ್ 7ರ ನಸುಕಿನಲ್ಲಿ ಕಿಟಕಿಯಿಂದ ನೋಡಿದಾಗ ಫಾರ್ಫರ್‌ಷೈರ್ ಎಂಬ ಹಬೆಯ ಹಡಗು ಬಂಡೆಗೆ ಬಡಿದು ಒಡೆದಿತ್ತು. 22 ವಯಸ್ಸಿನ ಅವಳು ತಂದೆಯೊಡನೆ ಸಣ್ಣ ದೋಣಿಯಲ್ಲಿ ಬಿರುಗಾಳಿಯೊಳಗೆ ಹುಟ್ಟುಹಾಕಿದಳು. ಬಂಡೆಯ ಮೇಲೆ ಬದುಕುಳಿದ ಒಂಬತ್ತು ಮಂದಿಯೂ ಎರಡು ಸರದಿಗಳಲ್ಲಿ ದೀಪಸ್ತಂಭವನ್ನು ಸೇರಿದರು. ಆಕೆಯ ಹೆಸರು ನಾಡೆಲ್ಲಾ ಹಬ್ಬಿತು.

ಇನ್ನೊಬ್ಬಳ ಹೆಸರನ್ನು ನಮ್ಮಲ್ಲಿ ಕೇಳಿದವರು ಕಡಿಮೆ. ಅಮೆರಿಕದ ಮೇನ್ ತೀರದಾಚೆ ಮಟಿನಿಕಸ್ ಎಂಬ ಬೋಳು ಬಂಡೆಯ ಮೇಲೆ ದೀಪಸ್ತಂಭವಿತ್ತು. 1856ನೆಯ ಜನವರಿಯಲ್ಲಿ ಕಾವಲುಗಾರನು ಸಾಮಾನು ತರುವುದಕ್ಕೆ ಊರಿಗೆ ಹೋದಾಗ ಭಾರಿ ಬಿರುಗಾಳಿಯೆದ್ದು, ವಾರಗಟ್ಟಲೆ ಅವನಿಗೆ ಹಿಂದಿರುಗಲಾಗಲಿಲ್ಲ. ಬಂಡೆಯ ಮೇಲೆ ಉಳಿದವರು ರೋಗಿಯಾದ ತಾಯಿ, ಚಿಕ್ಕ ತಂಗಿಯರು ಮತ್ತು 16 ವಯಸ್ಸಿನ ಮಗಳು ಆಬಿ ಬರ್ಜೆಸ್. ಅಲೆಗಳು ಬಂಡೆಯ ಮೇಲೆಯೇ ಹರಿದು ಹಳೆಯ ಮನೆಯನ್ನು ಕೊಚ್ಚಿಕೊಂಡು ಹೋದುವು. ಅವಳು ಮನೆಯವರನ್ನು ಭದ್ರವಾದ ಸ್ತಂಭದೊಳಗೆ ಸೇರಿಸಿದಳು. ಮೊಣಕಾಲುದ್ದದ ನೀರಿನಲ್ಲಿ ಓಡಿಹೋಗಿ ತನ್ನ ಕೋಳಿಗಳನ್ನೂ ಬುಟ್ಟಿಯಲ್ಲಿ ತಂದಳು. ಪ್ರತಿ ಸಾಯಂಕಾಲ ದೀಪಗಳನ್ನು ಹೊತ್ತಿಸಿದಳು. ತಂದೆಯು ಬರುವ ವರೆಗೆ ಒಂದು ಇರುಳಾದರೂ ಅವು ಆರಲಿಲ್ಲ. ದೊಡ್ಡವಳಾದ ಮೇಲೆಯೂ ಅವಳು ದೀಪಸ್ತಂಭದ ಸಹಾಯಕ ಕಾವಲುಗಾರ್ತಿಯಾಗಿ ಕೆಲಸಮಾಡಿದಳು.

ಇಬ್ಬರಲ್ಲಿ ಯಾರು ಹೆಚ್ಚು ಎಂದು ಮಕ್ಕಳು ವಾದಿಸಿದರು. ಮೊದಲು ಹೆಚ್ಚು ಮಂದಿ ಗ್ರೇಸಳ ಪಕ್ಷದವರಾಗಿದ್ದರು. ಆದರೆ ಒಬ್ಬಳು, "ಗ್ರೇಸ್ ಒಂದು ಬೆಳಿಗ್ಗೆ ಧೈರ್ಯ ಮಾಡಿದಳು, ಆಬಿ ದಿನಾ ಸಾಯಂಕಾಲ ಧೈರ್ಯ ಮಾಡಬೇಕಾಯಿತು" ಎಂದಾಗ ಸಭೆಯು ಸ್ವಲ್ಪ ಹೊತ್ತು ಮೌನವಾಯಿತು. ತೀರ್ಪನ್ನು ನಾನು ಹೇಳಲಿಲ್ಲ.

ಈಗಿನ ಕಾಲದಲ್ಲಿ ದೀಪವು ಬೇಕೇ?

ಈಗ ಉಪಗ್ರಹಗಳು ಹಡಗಿನ ಸ್ಥಳವನ್ನು ಕೆಲವೇ ಮೀಟರುಗಳ ಅಂತರದಲ್ಲಿ ತಿಳಿಸುವುವು. ಮೀನುಗಾರರ ಯಂತ್ರದೋಣಿಗಳಲ್ಲಿಯೂ ಜಿ.ಪಿ.ಎಸ್. ಉಪಕರಣವಿರುವುದು. ಅನೇಕ ದೀಪಗಳು ಕತ್ತಲಾದೊಡನೆ ತಾವೇ ಹೊತ್ತಿಕೊಳ್ಳುವುವು. 1927ರ ದೀಪಸ್ತಂಭಗಳ ಕಾಯಿದೆಯ ಸ್ಥಾನದಲ್ಲಿ ನಮ್ಮ ದೇಶವು 2021ರಲ್ಲಿ ಹೊಸ ಕಾಯಿದೆಯನ್ನು ಮಾಡಿ, ದೀಪದೊಡನೆ ರೇಡಿಯೋ ಮೊದಲಾದ ಹೊಸ ಸಾಧನಗಳನ್ನೂ ಅದರಲ್ಲಿ ಸೇರಿಸಿದೆ. ಹಾಗಾದರೆ ಸ್ತಂಭಗಳು ಬರಿಯ ನೋಟದ ವಸ್ತುಗಳಾದುವೇ?

ಆಗಲಿಲ್ಲ. ಉಪಕರಣದ ವಿದ್ಯುತ್ಕೋಶವು ಮುಗಿಯಬಹುದು, ನೀರು ಹೋಗಿ ಕೆಡಬಹುದು, ಸಂಕೇತವು ತಪ್ಪಬಹುದು. ಜಾಣನಾದ ನಾವಿಕನು ಒಂದೇ ಸಾಕ್ಷಿಯನ್ನು ನಂಬುವುದಿಲ್ಲ; ಯಂತ್ರವು ಹೇಳಿದುದನ್ನು ಕಣ್ಣಿನಿಂದ ಕಂಡ ದೀಪದೊಡನೆ ಹೋಲಿಸಿ ನೋಡುವನು. ಅದೂ ಅಲ್ಲದೆ ಬಂದರಕ್ಕೆ ಬರುವ ದೊಡ್ಡ ಹಡಗುಗಳಿಂದ ದೀಪದ ಸುಂಕವನ್ನು ತೆಗೆದುಕೊಳ್ಳುವರು. ಅದೇ ಬೆಳಕು ಸಣ್ಣ ದೋಣಿಯ ಬಡವನಿಗೂ ಕಾಣುವುದು. ಜೂನ್ ಮತ್ತು ಜುಲೈ ತಿಂಗಳುಗಳ ನಿಷೇಧವು ಮುಗಿದು ಆಗಸ್ಟಿನಲ್ಲಿ ಯಂತ್ರದೋಣಿಗಳು ಮತ್ತೆ ಕಡಲಿಗಿಳಿಯುವಾಗ, ಮೋಡ ಕವಿದ ಇರುಳುಗಳಲ್ಲಿ, ಈ ಮಾತಿನ ಅರ್ಥವು ಕರಾವಳಿಯ ಮನೆಮನೆಗೂ ತಿಳಿದಿರುವುದು.

ಪಾಲಕರಿಗೂ ಹಳೆಯ ವಿದ್ಯಾರ್ಥಿನಿಯರಿಗೂ

ಆರಂಭದಲ್ಲಿ ಹೇಳಿದ ಪ್ರಶ್ನೆಗೆ ಈಗ ಉತ್ತರವನ್ನು ಕೊಡಬಹುದು. ಎರಡು ದಿನಗಳಲ್ಲಿ ಮಕ್ಕಳು ಭೂಗೋಳವನ್ನೂ ಗಣಿತವನ್ನೂ ವಿಜ್ಞಾನವನ್ನೂ ಚರಿತ್ರೆಯನ್ನೂ ಒಂದೇ ವಸ್ತುವಿನಲ್ಲಿ ಕೂಡಿ ನೋಡಿದರು. ಪರೀಕ್ಷೆಗೆ ಇದರಿಂದ ನಷ್ಟವಾಗಲಿಲ್ಲ. ಆದರೆ ನನಗೆ ಅದಕ್ಕಿಂತ ಹೆಚ್ಚಿನದಾಗಿ ತೋರುವುದು ಬೇರೊಂದು. ಹೆಣ್ಣುಮಗಳಿಗೆ ಲೋಕವು "ನೀನು ಇತರರಂತೆ ಹೊಳೆಯಬೇಕು" ಎಂದು ಒಂದು ಕಡೆಯಿಂದಲೂ, "ನೀನು ಕಾಣಿಸಿಕೊಳ್ಳಲೇಬಾರದು" ಎಂದು ಇನ್ನೊಂದು ಕಡೆಯಿಂದಲೂ ಹೇಳುವುದು. ದೀಪಸ್ತಂಭವು ಎರಡನ್ನೂ ಒಪ್ಪುವುದಿಲ್ಲ. ಅದು ತನ್ನ ಗುರುತಿನಲ್ಲಿ, ತನ್ನ ಸ್ಥಳದಲ್ಲಿ, ಹೇಳಿದ ಹೊತ್ತಿಗೆ ತಪ್ಪದೆ ಬೆಳಗುವುದು. ದೂರದವರು ಅದನ್ನು ನಂಬಿ ನಡೆಯುವರು. ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಇರುಳಿನ ಸರದಿಯ ದಾದಿಯರಿದ್ದಾರೆ, ಹಳ್ಳಿಯ ಶಾಲೆಯ ಉಪಾಧ್ಯಾಯಿನಿಯರಿದ್ದಾರೆ, ಕಡಲಿಗೆ ಹೋದವರಿಗಾಗಿ ಮನೆ ನಡೆಸುವವರಿದ್ದಾರೆ. ಈ ಮಾತನ್ನು ಅವರಿಗೆ ನಾನು ವಿವರಿಸಬೇಕಾಗಿಲ್ಲ.

ಮುಂದಿನ ಸಂಚಾರಕ್ಕೆ ಹೊರಡುವಾಗ ಯಾವ ಮಗಳೂ ಹಿಂದೆ ಉಳಿಯಬಾರದೆಂದು ಪಾಲಕರಲ್ಲಿ ನನ್ನ ವಿನಂತಿ. ಕುಟುಂಬದೊಡನೆ ಈ ದಾರಿಯಲ್ಲಿ ಹೋಗುವವರಿಗೆ ಕೆಲವು ಅಭ್ಯಾಸಗಳನ್ನು ಕೊಟ್ಟಿರುವೆನು.

1. ಸೂರ್ಯಾಸ್ತವಾದ ಮೇಲೆ ಅರ್ಧ ಗಂಟೆ ತೀರದಲ್ಲಿ ಕುಳಿತು, ದೀಪದ ಮಿನುಗುಗಳನ್ನೂ ನಡುವಿನ ಕತ್ತಲೆಯನ್ನೂ ಸೆಕೆಂಡುಗಳಲ್ಲಿ ಎಣಿಸಿ ಬರೆಯಿರಿ. ಮೂರು ಸಲ ಎಣಿಸಿ ಹೋಲಿಸಿರಿ.

2. ಸ್ತಂಭದ ಚಿತ್ರವನ್ನು ಬರೆದು, ಅದರ ಮೈಯ ಬಣ್ಣದ ಪಟ್ಟಿಗಳನ್ನು ಸರಿಯಾಗಿ ಗುರುತಿಸಿರಿ. ನೆರೆಯ ಸ್ತಂಭಕ್ಕೂ ಇದಕ್ಕೂ ಇರುವ ಭೇದವೇನು?

3. ನಿಮ್ಮ ಕಣ್ಣು ಕಡಲಮಟ್ಟದಿಂದ 4 ಮೀಟರ್ ಎತ್ತರದಲ್ಲಿದ್ದರೆ ದಿಗಂತವು ಎಷ್ಟು ದೂರ? 16 ಮೀಟರ್ ಆದರೆ ಎಷ್ಟು?

4. ಕಡಲಿಗೆ ಹೋಗುವ ಹಿರಿಯರೊಬ್ಬರನ್ನು ಕಂಡು, ದೀಪವು ಕಾಣದ ಇರುಳಿನಲ್ಲಿ ಅವರು ತೀರವನ್ನು ಹೇಗೆ ಗುರುತಿಸುವರೆಂದು ವಿನಯದಿಂದ ಕೇಳಿ ತಿಳಿಯಿರಿ.

ಉತ್ತರಗಳನ್ನು ಬರೆದು ಶಾಲೆಗೆ ಕಳುಹಿಸಿದರೆ ಮುಂದಿನ ತರಗತಿಯ ಮಕ್ಕಳಿಗೆ ಓದಿ ಹೇಳುವೆವು. ನಾಲ್ಕನೆಯ ಪ್ರಶ್ನೆಯ ಉತ್ತರವು ಯಾವ ಪಾಠಪುಸ್ತಕದಲ್ಲಿಯೂ ಇಲ್ಲವಾದುದರಿಂದ ಅದನ್ನೇ ಮೊದಲು ಕಳುಹಿಸಬೇಕಾಗಿ ಕೋರುವೆನು.